ಕಡಲ ತಳದ ನಕ್ಷೆ ಮತ್ತು ಗಾಳಗಾರನ ಕಿರುದೋಣಿ

ಕಡಲ ದಂಡೆಯ ಮೇಲೆ ನಿಂತು ನೋಡುವವನಿಗೆ ಕಾಣುವುದು ಒಂದೇ ಸಮನಾಗಿ ಹರಡಿದ ನೀರು. ಇಲ್ಲಿ ಗಾಳ ಹಾಕುವುದಕ್ಕೂ ಅರ್ಧ ಮೈಲಿ ಆಚೆ ಗಾಳ ಹಾಕುವುದಕ್ಕೂ ಏನು ಭೇದವೆಂದು ಅವನಿಗೆ ತೋರಬಹುದು. ಆದರೆ ಈ ಸಮತೆ ಮೇಲ್ಮೈಗೆ ಮಾತ್ರ ಸಲ್ಲುವಂಥದು. ಆ ನೀರನ್ನೆಲ್ಲ ಒಮ್ಮೆ ಬತ್ತಿಸಿ ನೋಡಲು ಸಾಧ್ಯವಾಗಿದ್ದರೆ, ನೆಲದ ಮೇಲಿರುವಂತೆಯೇ ಅಲ್ಲಿಯೂ ಬೆಟ್ಟ, ಕಣಿವೆ, ಬಯಲು, ಬಂಡೆಗಳ ರಾಶಿ, ಕಡಿದಾದ ಪ್ರಪಾತ ಇವೆಲ್ಲವೂ ನಮ್ಮ ಕಣ್ಣಿಗೆ ಬೀಳುತ್ತಿದ್ದುವು. ಕಾಡಿನ ಮೃಗಗಳು ಬಯಲಿನಲ್ಲೆಲ್ಲ ಸಮನಾಗಿ ಹಂಚಿಕೊಂಡಿರದೆ ನೀರು, ನೆರಳು, ಮೇವು ಇರುವೆಡೆಯಲ್ಲಿ ಸೇರುವಂತೆ, ಮೀನುಗಳೂ ಈ ಅಡಗಿದ ಭೂದೃಶ್ಯದ ಕೆಲವೇ ನೆಲೆಗಳನ್ನು ಆರಿಸಿಕೊಂಡು ಬಾಳುತ್ತವೆ. ಆ ನೆಲೆಗಳನ್ನು ದಂಡೆಯಿಂದ ಹೊರಡುವ ಮೊದಲೇ ಗುರುತಿಸಿಕೊಳ್ಳುವ ವಿದ್ಯೆಯೊಂದು ಇಂದು ಬೆಳೆದಿದೆ. ಅದರ ಉಪಕರಣವೇ ಕಡಲ ತಳದ ನಕ್ಷೆ.

ಈ ನಕ್ಷೆಯ ಬೆಲೆಯನ್ನು ಚೆನ್ನಾಗಿ ಬಲ್ಲವನೆಂದರೆ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಮೀನು ಹಿಡಿಯುವವನು. ಕಯಾಕ್ ಉತ್ತರ ಧ್ರುವದ ಸುತ್ತಲಿನ ಹಿಮನಾಡುಗಳಲ್ಲಿ ಹುಟ್ಟಿದ ದೋಣಿ. ಅಲ್ಲಿನ ಇನುಯಿಟ್ ಮತ್ತು ನೆರೆಯ ಜನರು ಮರದ ಅಥವಾ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಇದನ್ನು ನಿರ್ಮಿಸುತ್ತಿದ್ದರು. ಒಬ್ಬನೇ ಕುಳಿತು, ಎರಡು ತುದಿಗಳಲ್ಲಿಯೂ ಅಲಗುಳ್ಳ ಹುಟ್ಟಿನಿಂದ ನಡೆಸಿ, ಬೇಟೆಗೆ ಹೋಗುತ್ತಿದ್ದರು. ಇಂದು ಅಮೆರಿಕದ ಕರಾವಳಿಯ ಹವ್ಯಾಸಿ ಗಾಳಗಾರರು ಬಳಸುವ ಕಯಾಕ್ ಪ್ಲಾಸ್ಟಿಕ್ಕಿನದು. ಯಂತ್ರದೋಣಿಯುಳ್ಳವನು ಒಂದೆಡೆ ಮೀನು ದೊರೆಯದಿದ್ದರೆ ಹತ್ತು ಮೈಲಿ ಆಚೆಗೆ ಹೋಗಿ ನೋಡಬಹುದು. ಕಯಾಕಿನವನಿಗಾದರೋ ತನ್ನ ತೋಳುಗಳೇ ಯಂತ್ರ. ಗಂಟೆಗೆ ಸುಮಾರು 5 ಕಿಲೋಮೀಟರಿನ ವೇಗದಲ್ಲಿ ಅವನು ಸಾಗುತ್ತಾನೆ. ಹೋದಷ್ಟು ದೂರವನ್ನು ದಣಿದ ತೋಳುಗಳಿಂದಲೇ ಹಿಂದಿರುಗಿ ಬರಬೇಕು. ಅಲೆದು ಹುಡುಕುವ ಸೌಕರ್ಯ ಅವನಿಗಿಲ್ಲ. ಆದುದರಿಂದ ಎಲ್ಲಿಗೆ ಹೋಗಬೇಕೆಂಬ ನಿರ್ಧಾರ ನೀರಿಗಿಳಿಯುವ ಮುನ್ನವೇ ಆಗಿರಬೇಕು.

ಸೀಸದ ಗುಂಡಿನಿಂದ ಧ್ವನಿಯ ತರಂಗಕ್ಕೆ

ಕಡಲ ಆಳವನ್ನು ಅಳೆಯುವ ಹಳೆಯ ಸಾಧನ ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡು. ಗುಂಡು ತಳ ಮುಟ್ಟಿದಾಗ ಹೊರಗೆಳೆದ ಹಗ್ಗವನ್ನು ತೋಳು ಚಾಚಿ ಮಾರು ಮಾರಾಗಿ ಎಣಿಸುತ್ತಿದ್ದರು. ಇಂಗ್ಲಿಷ್ ನಾವಿಕರ ಫ್ಯಾದಮ್ ಎಂಬುದು ನಮ್ಮ ಮಾರಿನಂತೆಯೇ ಚಾಚಿದ ಎರಡು ತೋಳುಗಳ ಅಳತೆ. ಅದನ್ನು 6 ಅಡಿ, ಎಂದರೆ ಸುಮಾರು 1.83 ಮೀಟರು ಎಂದು ನಿಗದಿಪಡಿಸಿದ್ದಾರೆ. ಗುಂಡಿನ ಅಡಿಯಲ್ಲಿ ಒಂದು ಕುಳಿ ಮಾಡಿ ಅದಕ್ಕೆ ಕೊಬ್ಬನ್ನು ಮೆತ್ತುತ್ತಿದ್ದರು. ತಳದಲ್ಲಿ ಮರಳಿದ್ದರೆ ಮರಳು, ಕೆಸರಿದ್ದರೆ ಕೆಸರು ಅದಕ್ಕೆ ಅಂಟಿ ಮೇಲೆ ಬರುತ್ತಿತ್ತು. ಏನೂ ಅಂಟದೆ ಕೊಬ್ಬಿನಲ್ಲಿ ಬರಿಯ ತಗ್ಗು ಬಿದ್ದಿದ್ದರೆ ಅಲ್ಲಿ ಬಂಡೆಯಿದೆಯೆಂದು ತಿಳಿಯುತ್ತಿದ್ದರು.

ಈ ವಿಧಾನ ಸರಳವಾದುದು, ಆದರೆ ಬಹು ನಿಧಾನವಾದುದು. 1872ರಿಂದ 1876ರವರೆಗೆ ಭೂಮಿಯ ಸಾಗರಗಳನ್ನು ಸುತ್ತಿದ ಬ್ರಿಟನ್ನಿನ ‘ಚಾಲೆಂಜರ್’ ಹಡಗು ಮೂರೂವರೆ ವರ್ಷಗಳಲ್ಲಿ ಆಳಸಾಗರದ ಐನೂರು ಎಡೆಗಳನ್ನೂ ಅಳೆಯಲಾಗಲಿಲ್ಲ. ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ನೂರಾರು ಮೈಲಿಗಳ ಅಂತರ. ಆ ಅಂತರದಲ್ಲಿ ಪರ್ವತವೇ ಇದ್ದರೂ ನಕ್ಷೆಯಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

1912ರಲ್ಲಿ ‘ಟೈಟಾನಿಕ್’ ಹಡಗು ನೀರ್ಗಲ್ಲ ಗುಡ್ಡಕ್ಕೆ ಬಡಿದು ಮುಳುಗಿದ ಮೇಲೆ, ನೀರಿನೊಳಗಿನ ಅಡಚಣೆಯನ್ನು ಧ್ವನಿಯಿಂದ ಪತ್ತೆಮಾಡುವ ಪ್ರಯತ್ನಗಳು ಚುರುಕಾದುವು. 1914ರಲ್ಲಿ ರೆಜಿನಾಲ್ಡ್ ಫೆಸೆಂಡೆನ್ ತನ್ನ ಉಪಕರಣದಿಂದ ನೀರ್ಗಲ್ಲ ಗುಡ್ಡದ ಪ್ರತಿಧ್ವನಿಯನ್ನೂ ಕಡಲ ತಳದ ಪ್ರತಿಧ್ವನಿಯನ್ನೂ ಕೇಳಿದನು. 1925ರಿಂದ 1927ರವರೆಗೆ ಜರ್ಮನಿಯ ‘ಮೀಟಿಯರ್’ ಹಡಗು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಪ್ರತಿಧ್ವನಿಯಿಂದಲೇ 67,000ಕ್ಕೂ ಮೀರಿ ಅಳತೆಗಳನ್ನು ಮಾಡಿತು. ಇದರ ಹಿಂದಿರುವ ಗಣಿತ ಪ್ರೌಢಶಾಲೆಯ ವಿದ್ಯಾರ್ಥಿಗೂ ಸುಲಭವಾದುದೇ. ಸಮುದ್ರದ ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,500 ಮೀಟರು ಸಾಗುತ್ತದೆ. ಕಳುಹಿಸಿದ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮರಳಿ ಬಂದಿತೆಂದರೆ ಅದು ಕ್ರಮಿಸಿದ ದೂರ 150 ಮೀಟರು. ಹೋಗಿ ಬಂದ ದೂರ ಅದಾದುದರಿಂದ ಆಳ 75 ಮೀಟರು.

ಇಂದಿನ ಸಮೀಕ್ಷಾ ಹಡಗುಗಳು ಒಂದು ಧ್ವನಿಕಿರಣಕ್ಕೆ ಬದಲಾಗಿ ಬೀಸಣಿಗೆಯಂತೆ ಹರಡುವ ನೂರಾರು ಕಿರಣಗಳನ್ನು ಒಮ್ಮೆಗೇ ಬಳಸುತ್ತವೆ. ಹೊಲವನ್ನು ಸಾಲು ಸಾಲಾಗಿ ಉಳುವಂತೆ ಹಡಗು ಹಿಂದಕ್ಕೂ ಮುಂದಕ್ಕೂ ಚಲಿಸಿದರೆ ತಳದ ಯಾವ ಭಾಗವೂ ಅಳೆಯದೆ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯ ರಾಜ್ಯವು 2007ರಲ್ಲಿ ಇಂತಹ ಒಂದು ಮಹತ್ಕಾರ್ಯವನ್ನು ಕೈಗೊಂಡು, ದಂಡೆಯಿಂದ 3 ನಾವಿಕ ಮೈಲಿಗಳವರೆಗಿನ ತನ್ನ ಕಡಲ ತಳವನ್ನು ಅಳೆಯಿಸತೊಡಗಿತು. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯೂ ಮಾಂಟೆರೆ ಕೊಲ್ಲಿಯ ವಿಶ್ವವಿದ್ಯಾಲಯವೂ ಇತರ ಸಂಸ್ಥೆಗಳೂ ಇದರಲ್ಲಿ ಸಹಕರಿಸಿದುವು. ಕೆಲವೇ ಮೀಟರು ಅಗಲದ ಬಂಡೆಯೂ ಈ ನಕ್ಷೆಗಳಲ್ಲಿ ಕಾಣುತ್ತದೆ. ಈ ನಕ್ಷೆಗಳು ಯಾರಿಗಾದರೂ ಹಣವಿಲ್ಲದೆ ದೊರೆಯುತ್ತವೆ. ಹಡಗುಗಳ ಕ್ಷೇಮಕ್ಕಾಗಿ, ಪ್ರಾಣಿಸಂಪತ್ತಿನ ಅಧ್ಯಯನಕ್ಕಾಗಿ ಸಿದ್ಧವಾದ ನಕ್ಷೆ ಹೀಗೆ ಗಾಳಗಾರನ ಕೈಗೂ ಬಂದಿತು.

ನಕ್ಷೆಯನ್ನು ಓದುವ ಬಗೆ

ಭೂಪಟಗಳಲ್ಲಿ ಸಮಾನ ಎತ್ತರದ ಸ್ಥಳಗಳನ್ನು ಕೂಡಿಸುವ ರೇಖೆಗಳನ್ನು ಓದುಗರು ಕಂಡಿರಬಹುದು. ಕಡಲ ನಕ್ಷೆಯಲ್ಲಿ ಸಮಾನ ಆಳದ ಸ್ಥಳಗಳನ್ನು ಕೂಡಿಸುವ ರೇಖೆಗಳಿರುತ್ತವೆ. ರೇಖೆಗಳು ದೂರ ದೂರವಿದ್ದರೆ ಅಲ್ಲಿ ತಳವು ನಮ್ಮ ಬಯಲುಸೀಮೆಯಂತೆ ಸಮತಲವಾಗಿದೆ. ಒಂದಕ್ಕೊಂದು ಒತ್ತಿಕೊಂಡಿದ್ದರೆ ಪಶ್ಚಿಮ ಘಟ್ಟದ ಇಳಿಜಾರಿನಂತೆ ಕಡಿದಾಗಿದೆ. ಉದಾಹರಣೆಗೆ, 20,000ದಲ್ಲಿ ಒಂದು ಪ್ರಮಾಣದ ನಕ್ಷೆಯಲ್ಲಿ 10 ಮಾರಿನ ರೇಖೆಗೂ 50 ಮಾರಿನ ರೇಖೆಗೂ ನಡುವೆ 5 ಮಿಲಿಮೀಟರು ಅಂತರವಿದೆಯೆನ್ನೋಣ. ಕಡಲಿನಲ್ಲಿ ಆ ದೂರ 100 ಮೀಟರು. ಅಷ್ಟರಲ್ಲಿ ತಳವು 40 ಮಾರು, ಎಂದರೆ 73 ಮೀಟರು ಕೆಳಗಿಳಿದಿದೆ. ಅದು ಇಳಿಜಾರೆನ್ನುವುದಕ್ಕಿಂತ ಗೋಡೆಯೆನ್ನುವುದೇ ಸರಿ.

ರೇಖೆಯೊಂದು ತನ್ನನ್ನೇ ಸುತ್ತಿಕೊಂಡು ಉಂಗುರವಾಗಿದ್ದರೆ ಅಲ್ಲಿ ದಿಬ್ಬವೋ ತಗ್ಗೋ ಇರಬೇಕು. ಸುತ್ತಲೂ 20 ಮಾರು ಆಳವಿದ್ದು ಉಂಗುರದ ಒಳಗೆ 14 ಎಂದು ಬರೆದಿದ್ದರೆ ಅದು 6 ಮಾರು ಎತ್ತರದ ನೀರೊಳಗಿನ ದಿಬ್ಬ. ರೇಖೆಗಳು ದಂಡೆಯ ಕಡೆಗೆ ಬೆರಳಿನಂತೆ ಚಾಚಿಕೊಂಡಿದ್ದರೆ ಅದು ಕಂದರ. ಕಡಲ ಕಡೆಗೆ ಚಾಚಿಕೊಂಡಿದ್ದರೆ ಅದು ಏಣು. ಅಂಕಿಗಳ ನಡುವೆ ಅಲ್ಲಲ್ಲಿ ಒಂಟಿ ಅಕ್ಷರಗಳೂ ಕಾಣುತ್ತವೆ: ಎಸ್ ಎಂದರೆ ಮರಳು, ಎಂ ಎಂದರೆ ಕೆಸರು, ಆರ್ ಎಂದರೆ ಬಂಡೆ. ಹಿಂದೆ ಸೀಸದ ಗುಂಡಿನ ಕೊಬ್ಬು ಹೇಳುತ್ತಿದ್ದ ಸಮಾಚಾರವೇ ಇದು. ಹೊಸ ನಕ್ಷೆಗಳಲ್ಲಿ ಇದಕ್ಕೆ ಇನ್ನೊಂದು ಉಪಾಯವಿದೆ. ಗಟ್ಟಿಯಾದ ಬಂಡೆ ಧ್ವನಿಯನ್ನು ಬಲವಾಗಿ ಮರಳಿಸುತ್ತದೆ, ಮೆತ್ತನೆಯ ಕೆಸರು ಅದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಪ್ರತಿಧ್ವನಿಯ ಬಲವನ್ನು ಬೆಳಕು ನೆರಳುಗಳಾಗಿ ಮುದ್ರಿಸಿದರೆ ತಳದ ಗುಣವೇ ಚಿತ್ರವಾಗಿ ಮೂಡುತ್ತದೆ.

ಇನ್ನೊಂದು ಮಾತನ್ನು ಮರೆಯಬಾರದು. ಅಮೆರಿಕದ ನಕ್ಷೆಗಳ ಆಳಗಳು, ದಿನದ ಎರಡು ಇಳಿತಗಳಲ್ಲಿ ಹೆಚ್ಚು ತಗ್ಗಾದುದರ ಸರಾಸರಿ ಮಟ್ಟದಿಂದ ಎಣಿಸಿದವು. ಭರತದ ಹೊತ್ತಿನಲ್ಲಿ ನಿಜವಾದ ಆಳ ನಕ್ಷೆಯ ಅಂಕಿಗಿಂತ ಹೆಚ್ಚಾಗಿರುತ್ತದೆ.

ಮೀನು ನೆಲೆಯನ್ನು ಅರಸುವುದೇಕೆ?

ನಕ್ಷೆಯಲ್ಲಿ ಬಂಡೆಯನ್ನೋ ಪ್ರಪಾತದ ಅಂಚನ್ನೋ ಗುರುತಿಸಿದರೆ ಅಲ್ಲಿ ಮೀನಿರಬೇಕೆಂದು ಹೇಗೆ ಹೇಳಬಹುದು? ಜೀವಿಗೆ ಬೇಕಾದುದು ಆಹಾರ ಮತ್ತು ಆಶ್ರಯ. ಬರಿಯ ಮರಳಿನ ಮೇಲೆ ಹೆಚ್ಚಿನ ಸಸ್ಯಗಳು ನೆಲೆಯೂರವು, ಕಪ್ಪೆಚಿಪ್ಪು ಅಂಟಿಕೊಳ್ಳದು. ಬಂಡೆಯ ಮೇಲಾದರೆ ಪಾಚಿ, ಸ್ಪಂಜು, ಚಿಪ್ಪಿನ ಜೀವಿಗಳು ನೆಲೆಯೂರುತ್ತವೆ. ಅವನ್ನು ತಿನ್ನುವ ಏಡಿ, ಸಿಗಡಿ, ಸಣ್ಣ ಮೀನುಗಳು ಬರುತ್ತವೆ. ಅವನ್ನು ಹಿಂಬಾಲಿಸಿ ದೊಡ್ಡ ಮೀನು ಬರುತ್ತದೆ. ಬಂಡೆಯ ಬಿರುಕುಗಳು ಬೇಟೆಗೆ ಆಶ್ರಯವೂ ಹೌದು, ಬೇಟೆಗಾರನಿಗೆ ಹೊಂಚುವ ಸ್ಥಳವೂ ಹೌದು.

ಎರಡನೆಯ ಕಾರಣ ಪ್ರವಾಹ. ತಳದ ಮೇಲೆ ಹರಿದು ಬರುವ ನೀರು ದಿಬ್ಬಕ್ಕೆ ತಗುಲಿದಾಗ ಮೇಲಕ್ಕೇಳಬೇಕಾಗುತ್ತದೆ. ಅದರೊಡನೆ ಆಳದ ಲವಣಪೋಷಕಗಳೂ ತೇಲುವ ಸೂಕ್ಷ್ಮಜೀವಿಗಳೂ ಮೇಲೆ ಬರುತ್ತವೆ. ದಿಬ್ಬದ ಹಿಂದೆ ಹೊಳೆಯ ನಡುವಣ ಕಲ್ಲಿನ ಹಿಂದಿರುವಂತೆ ಸುಳಿಗಳೂ ನಿಂತ ನೀರೂ ಉಂಟಾಗುತ್ತವೆ. ಅಲ್ಲಿ ಮೀನು ಹೆಚ್ಚು ಶ್ರಮವಿಲ್ಲದೆ ನಿಂತು, ಪ್ರವಾಹ ತಂದುಕೊಡುವ ಆಹಾರವನ್ನು ಕಾಯಬಹುದು. ಆದುದರಿಂದ ಬಲ್ಲ ಗಾಳಗಾರನು ನಕ್ಷೆಯಲ್ಲಿ ಹುಡುಕುವುದು ಆಳವಾದ ಎಡೆಯನ್ನಲ್ಲ, ಬದಲಾವಣೆಯಾಗುವ ಎಡೆಯನ್ನು: ಮರಳು ಮುಗಿದು ಬಂಡೆ ತೊಡಗುವಲ್ಲಿ, ಜಗಲಿ ಮುಗಿದು ಪ್ರಪಾತ ಇಳಿಯುವಲ್ಲಿ, ಬಯಲಿನ ನಡುವೆ ಒಂಟಿ ಕಲ್ಲು ಎದ್ದುನಿಂತಲ್ಲಿ. ಕಾಡಿಗೂ ಬಯಲಿಗೂ ನಡುವಣ ಅಂಚಿನಲ್ಲಿ ಪ್ರಾಣಿಗಳು ಹೆಚ್ಚಾಗಿ ಕಾಣುವಂತೆ ಕಡಲಿನಲ್ಲಿಯೂ ಅಂಚಿಗೇ ಮಹತ್ವ.

ಲಾ ಹೋಯಾ ಎಂಬ ನಿದರ್ಶನ

ಈ ತತ್ತ್ವಗಳೆಲ್ಲ ಒಂದೇ ಸ್ಥಳದಲ್ಲಿ ಕೂಡಿಬಂದಿರುವುದನ್ನು ನೋಡಬೇಕಾದರೆ ಕ್ಯಾಲಿಫೋರ್ನಿಯದ ದಕ್ಷಿಣದಲ್ಲಿ, ಸಾನ್ ಡಿಯಾಗೋ ನಗರದ ಲಾ ಹೋಯಾ ಕರಾವಳಿಗೆ ಹೋಗಬೇಕು. ಕಯಾಕ್ ಮೀನುಗಾರಿಕೆಗೆ ಅಮೆರಿಕದಲ್ಲಿ ಪ್ರಸಿದ್ಧವಾದ ಎಡೆಗಳಲ್ಲಿ ಇದೊಂದು. 1903ರಲ್ಲಿ ಸ್ಥಾಪಿತವಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯೂ ಇಲ್ಲಿಯೇ ಇದೆ. ಸಂಸ್ಥೆಯ ಬಾಗಿಲಲ್ಲೇ ಎಂಬಂತೆ ಎರಡು ನೀರೊಳಗಿನ ಕಂದರಗಳು ತೊಡಗುತ್ತವೆ: ಒಂದು ಲಾ ಹೋಯಾ ಕಂದರ, ಇನ್ನೊಂದು ಸ್ಕ್ರಿಪ್ಸ್ ಕಂದರ. ಇವುಗಳ ತಲೆ ದಂಡೆಯಿಂದ ಕೆಲವೇ ನೂರು ಮೀಟರು ದೂರದಲ್ಲಿದೆ. ಮುಂದೆ ಎರಡೂ ಒಂದಾಗಿ, ಸಾವಿರ ಮೀಟರಿಗೂ ಆಳವಾದ ಸಾನ್ ಡಿಯಾಗೋ ತಗ್ಗಿನವರೆಗೆ ಇಳಿಯುತ್ತವೆ. ಸ್ಕ್ರಿಪ್ಸ್ ಕಂದರದ ಗೋಡೆಗಳು ಕೆಲವೆಡೆ ನೆಟ್ಟಗೆ ನಿಂತಿರುವುದಷ್ಟೇ ಅಲ್ಲ, ಮುಂದಕ್ಕೆ ಬಾಗಿಯೂ ಇವೆ. 1930ರ ದಶಕದಿಂದ ಫ್ರಾನ್ಸಿಸ್ ಶೆಪರ್ಡ್ ಎಂಬ ಭೂವಿಜ್ಞಾನಿ ನೀರೊಳಗಿನ ಕಂದರಗಳ ಅಧ್ಯಯನವನ್ನು ಇಲ್ಲಿ ಮುಂದುವರಿಸಿ ಖ್ಯಾತನಾದನು.

ಈ ಕಂದರವು ಕಯಾಕಿನವನಿಗೆ ಮಾಡುವ ಮೊದಲ ಉಪಕಾರ ಮೀನಿಗೆ ಸಂಬಂಧಿಸಿದುದೇ ಅಲ್ಲ. ಉದ್ದನೆಯ ಅಲೆಯ ವೇಗವು ನೀರಿನ ಆಳವನ್ನು ಅವಲಂಬಿಸಿದೆ: ಆಳವನ್ನು ಗುರುತ್ವದ ವೇಗೋತ್ಕರ್ಷದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ಬರುತ್ತದೆ. 10 ಮೀಟರು ಆಳದಲ್ಲಿ ಅದು ಸೆಕೆಂಡಿಗೆ ಸುಮಾರು 10 ಮೀಟರು. 40 ಮೀಟರು ಆಳದಲ್ಲಿ ಸುಮಾರು 20 ಮೀಟರು. ಆದುದರಿಂದ ದಂಡೆಗೆ ಬರುವ ಅಲೆಯ ಸಾಲಿನಲ್ಲಿ ಕಂದರದ ಮೇಲಿರುವ ಭಾಗ ಮುಂದೆ ಓಡುತ್ತದೆ, ಎರಡು ಬದಿಗಳ ತೆಳುನೀರಿನ ಭಾಗ ಹಿಂದುಳಿಯುತ್ತದೆ. ಅಲೆಯ ಸಾಲು ಬಿಲ್ಲಿನಂತೆ ಬಾಗಿ, ಅದರ ಶಕ್ತಿ ಕಂದರದ ನಡುವಿನಿಂದ ಎರಡು ಬದಿಗಳಿಗೂ ಚದರಿಹೋಗುತ್ತದೆ. ಕಂದರದ ತಲೆಗೆ ಎದುರಾದ ಲಾ ಹೋಯಾ ಶೋರ್ಸ್ ದಂಡೆಯಲ್ಲಿ ಅಲೆ ಸಣ್ಣದು. ಉತ್ತರಕ್ಕೆ ಸ್ವಲ್ಪ ದೂರದಲ್ಲಿ, ಅಲೆಯ ಶಕ್ತಿ ಒಟ್ಟುಗೂಡುವ ಬ್ಲ್ಯಾಕ್ಸ್ ಎಂಬ ದಂಡೆಯಲ್ಲಿ ಅಲೆ ಭೀಕರವಾದುದು. ವಾಲ್ಟರ್ ಮಂಕ್ ಮತ್ತು ಅವನ ಸಹೋದ್ಯೋಗಿ 1947ರಲ್ಲಿ ಇದನ್ನು ಲೆಕ್ಕ ಹಾಕಿ ವಿವರಿಸಿದರು. ಕಿರುದೋಣಿಗೆ ಅಪಾಯವೆಲ್ಲ ಅಲೆ ಒಡೆಯುವ ಗೆರೆಯನ್ನು ದಾಟುವುದರಲ್ಲಿ. ಎಲ್ಲಿಂದ ನೀರಿಗಿಳಿಯಬೇಕೆಂಬುದನ್ನೂ ಹೀಗೆ ತಳದ ನಕ್ಷೆಯೇ ಹೇಳಿಕೊಡುತ್ತದೆ.

ಇನ್ನು ಮೀನಿನ ಮಾತು. ಲಾ ಹೋಯಾ ಭೂಶಿರದ ಮುಂದೆ, ಕಂದರಕ್ಕೆ ದಕ್ಷಿಣದಲ್ಲಿ, ಬಂಡೆಯ ಜಗಲಿಯೊಂದು ಹರಡಿದೆ. ಅದರ ಮೇಲೆ ದೈತ್ಯ ಕೆಲ್ಪ್ ಎಂಬ ಕಡಲ ಪಾಚಿಯ ಕಾಡು ಬೆಳೆದಿದೆ. ಇದು ಬಂಡೆಯನ್ನು ಹಿಡಿದು ನಿಂತು, ಅನುಕೂಲವಿದ್ದಾಗ ದಿನಕ್ಕೆ ಅರ್ಧ ಮೀಟರಿನಷ್ಟೂ ಬೆಳೆದು, ನೀರಿನ ಮೇಲ್ಮೈಯಲ್ಲಿ ಚಪ್ಪರದಂತೆ ಹರಡುತ್ತದೆ. ಬೆಳಕು ಸಾಲದಷ್ಟು ಆಳವಾದಲ್ಲಿ ಅದು ಬೆಳೆಯದು. ಆದುದರಿಂದ ಕೆಲ್ಪಿನ ಹೊರ ಅಂಚು ತಳದ ಜಗಲಿ ಇಳಿಯತೊಡಗುವ ಅಂಚನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಆ ಅಂಚಿನಲ್ಲಿ ಸಣ್ಣ ಮೀನುಗಳ ಹಿಂಡು ತಿರುಗುತ್ತಿರುತ್ತದೆ. ಅವನ್ನು ಅಟ್ಟಿಕೊಂಡು ಯೆಲ್ಲೋಟೇಲ್ ಎಂಬ ಹಳದಿ ಬಾಲದ ಬಲಶಾಲಿ ಮೀನು ಬರುತ್ತದೆ. ಗಾಳಗಾರನು ಇಲ್ಲಿಗೆ ಬಂದು, ನಮ್ಮ ಬಂಗುಡೆಯ ದಾಯಾದಿಯಾದ ಸಣ್ಣ ಮೀನೊಂದನ್ನು ಜೀವಂತವಾಗಿ ಗಾಳಕ್ಕೆ ಸಿಕ್ಕಿಸಿ, ನಿಧಾನವಾಗಿ ಹುಟ್ಟು ಹಾಕುತ್ತ ಅಂಚಿನುದ್ದಕ್ಕೂ ಸಾಗುತ್ತಾನೆ.

ಕಂದರದ ಅಂಚಿನ ಮರಳಿನಲ್ಲಿ ಇನ್ನೊಂದು ಘಟನೆ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎನ್ನುವ ಜೀವಿಯ ಒಂದು ಜಾತಿ, ಕೆಲವು ವರ್ಷಗಳಲ್ಲಿ ಲಕ್ಷಗಟ್ಟಲೆ ಬಂದು ಅಲ್ಲಿ ಬಿಳಿಯ ಮೊಟ್ಟೆಚೀಲಗಳನ್ನು ಇಟ್ಟು ಸಾಯುತ್ತದೆ. ಆ ಕಾಲದಲ್ಲಿ ವೈಟ್ ಸೀಬಾಸ್ ಎಂಬ ಭಾರಿ ಮೀನೂ ಯೆಲ್ಲೋಟೇಲ್ ಮೀನೂ ಅಲ್ಲಿ ನೆರೆಯುತ್ತವೆ. ಬಂಡೆ ಮುಗಿದು ಮರಳು ತೊಡಗುವಲ್ಲಿ, ನಮ್ಮ ನಂಗು ಮೀನಿನಂತೆ ಚಪ್ಪಟೆಯಾದ ಹ್ಯಾಲಿಬಟ್ ಮರಳಿನಲ್ಲಿ ಹುದುಗಿ ಹೊಂಚುತ್ತದೆ. ಆಳದ ಬಂಡೆಗಳಲ್ಲಿ ರಾಕ್‌ಫಿಶ್ ಎಂಬ ಕಲ್ಲುಮೀನುಗಳ ಹಲವು ಜಾತಿಗಳಿವೆ. ಒಂದೊಂದು ಮೀನಿಗೂ ನಕ್ಷೆಯಲ್ಲಿ ಒಂದೊಂದು ವಿಳಾಸವಿದ್ದಂತೆ.

ನಕ್ಷೆಯಿಂದ ನೀರಿಗೆ

ಮನೆಯಲ್ಲಿ ನಕ್ಷೆಯನ್ನು ಹರಡಿಕೊಂಡ ಗಾಳಗಾರನು ಮೊದಲು ತಾನು ಇಳಿಯುವ ದಂಡೆಯನ್ನು ಕೇಂದ್ರವಾಗಿಟ್ಟುಕೊಂಡು, ತನ್ನ ತೋಳಿನ ಶಕ್ತಿಗೆ ತಕ್ಕ ತ್ರಿಜ್ಯದಲ್ಲಿ ಒಂದು ವೃತ್ತವನ್ನು ಎಳೆಯುತ್ತಾನೆ. ಅದರ ಹೊರಗಿರುವುದು ಎಷ್ಟೇ ಒಳ್ಳೆಯ ದಿಬ್ಬವಾದರೂ ಅವನಿಗೆ ಇಲ್ಲದಂತೆಯೇ. ವೃತ್ತದೊಳಗೆ ನಾಲ್ಕೈದು ಅಂಚುಗಳನ್ನು ಆರಿಸಿ, ಅವುಗಳ ಅಕ್ಷಾಂಶ ರೇಖಾಂಶಗಳನ್ನು ಉಪಗ್ರಹಗಳ ನೆರವಿನಿಂದ ದಾರಿ ತೋರಿಸುವ ಸಣ್ಣ ಯಂತ್ರಕ್ಕೆ ತುಂಬಿಕೊಳ್ಳುತ್ತಾನೆ. ಈ ಯಂತ್ರ ಸ್ಥಾನವನ್ನು ಕೆಲವೇ ಮೀಟರುಗಳ ತಪ್ಪಿನೊಳಗೆ ತಿಳಿಸುತ್ತದೆ. ಇದಿಲ್ಲದ ಕಾಲದಲ್ಲಿ ಮೀನುಗಾರರು ದಂಡೆಯ ಮರವೊಂದನ್ನು ಹಿಂದಿನ ಬೆಟ್ಟದ ನೆತ್ತಿಯೊಡನೆ ಸಾಲುಗೂಡಿಸಿ, ಇನ್ನೊಂದು ದಿಕ್ಕಿನಲ್ಲಿಯೂ ಅಂತಹುದೇ ಜೋಡಿಯನ್ನು ಹಿಡಿದು, ಎರಡು ಗೆರೆಗಳು ಸಂಧಿಸುವಲ್ಲಿ ಬಂಡೆಯನ್ನು ಗುರುತಿಡುತ್ತಿದ್ದರು. ರೇಖಾಗಣಿತದ ಪಾಠವನ್ನು ಶಾಲೆಯಿಲ್ಲದೆ ಕಲಿತ ಜನ ಅವರು.

ದೋಣಿಗೆ ಕಟ್ಟಿದ ಸಣ್ಣ ಪ್ರತಿಧ್ವನಿ ಯಂತ್ರ ನಕ್ಷೆಯ ಮಾತನ್ನು ಸ್ಥಳದಲ್ಲೇ ಪರೀಕ್ಷಿಸುತ್ತದೆ. ಆದರೆ ಅದರ ದೃಷ್ಟಿ ಕಿರಿದು. ಧ್ವನಿಯ ಶಂಕುವಿನ ಕೋನ 20 ಡಿಗ್ರಿಯಾದರೆ 30 ಮೀಟರು ಆಳದಲ್ಲಿ ಅದು ಕಾಣುವುದು ಹತ್ತು ಹನ್ನೊಂದು ಮೀಟರು ವ್ಯಾಸದ ವೃತ್ತವನ್ನಷ್ಟೆ. ಕತ್ತಲಲ್ಲಿ ಹಿಡಿದ ಕೈದೀಪ ಅದು. ಊರಿನ ದಾರಿಯನ್ನು ತೋರಿಸಬೇಕಾದುದು ನಕ್ಷೆಯೇ.

ಸ್ಥಳ ಸಿಕ್ಕಮೇಲೂ ಲೆಕ್ಕ ಮುಗಿಯುವುದಿಲ್ಲ. 45 ಮೀಟರು ಆಳದಲ್ಲಿ 20 ಮೀಟರು ಅಗಲದ ಬಂಡೆಯೊಂದಿದೆಯೆನ್ನೋಣ. ಗಾಳಿ ದೋಣಿಯನ್ನು ಗಂಟೆಗೆ 1 ಕಿಲೋಮೀಟರಿನಂತೆ ತಳ್ಳುತ್ತಿದೆ. ಎಂದರೆ ಸೆಕೆಂಡಿಗೆ ಸುಮಾರು 28 ಸೆಂಟಿಮೀಟರು. ದೋಣಿ ಬಂಡೆಯನ್ನು ದಾಟಲು ಹಿಡಿಯುವ ಕಾಲ 70 ಸೆಕೆಂಡಿಗೆ ತುಸು ಹೆಚ್ಚು. ಗುಂಡು ಕಟ್ಟಿದ ಗಾಳ ಸೆಕೆಂಡಿಗೆ 1 ಮೀಟರಿನಂತೆ ಇಳಿದರೆ ತಳ ಮುಟ್ಟುವುದಕ್ಕೇ 45 ಸೆಕೆಂಡು ಬೇಕು. ಬಂಡೆಯ ಅಂಚಿಗೆ ಬಂದಮೇಲೆ ಗಾಳ ಬಿಟ್ಟವನಿಗೆ ಉಳಿಯುವ ಅವಕಾಶ ಅರ್ಧ ನಿಮಿಷವೂ ಇಲ್ಲ. ಬಲ್ಲವನು ಗಾಳಿ ಬರುವ ಕಡೆಯಿಂದ ಬಂದು, ಮುಂಚಿತವಾಗಿಯೇ ಗಾಳವನ್ನು ಇಳಿಬಿಡುತ್ತಾನೆ.

ನಕ್ಷೆ ಎಲ್ಲವನ್ನೂ ಹೇಳುವುದಿಲ್ಲ. ಅದು ಹೇಳುವುದು ಮನೆಯ ವಿಳಾಸವನ್ನು. ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದನ್ನಲ್ಲ. ನೀರಿನ ಉಷ್ಣತೆ, ಋತು, ಪ್ರವಾಹದ ದಿಕ್ಕು, ಹಕ್ಕಿಗಳ ಹಾರಾಟ ಇವನ್ನೆಲ್ಲ ನೀರಿನ ಮೇಲೆಯೇ ಗಮನಿಸಬೇಕು. ಅಪಾಯವನ್ನೂ ನಕ್ಷೆ ಕಡಮೆ ಮಾಡದು. ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಸಾಂಟಾ ಆನಾ ಎಂಬ ಮರುಭೂಮಿಯ ಗಾಳಿ ಎದ್ದರೆ ಅದು ದೋಣಿಯನ್ನು ದಂಡೆಯಿಂದ ಕಡಲಿನ ಕಡೆಗೆ ನೂಕುತ್ತದೆ. ಮಂಜು ಕವಿದರೆ ದಂಡೆಯೇ ಮರೆಯಾಗುತ್ತದೆ. ತೇಲುವ ಅಂಗಿಯನ್ನು ತೊಡದೆ, ಸಹಾಯಕ್ಕೆ ಕೂಗುವ ರೇಡಿಯೊ ಇಲ್ಲದೆ, ಹಿಂದಿರುಗುವ ಹೊತ್ತನ್ನು ಮನೆಯವರಿಗೆ ತಿಳಿಸದೆ ಹೊರಡುವುದು ಸಾಹಸವಲ್ಲ, ಅವಿವೇಕ.

ಮೀನಿಗೆ ಅಡಗಲು ತಾಣವೆಲ್ಲಿ?

ಇಲ್ಲಿ ನಾವು ಒಂದು ಗಂಭೀರವಾದ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಹಿಂದೆ ಬಂಡೆಯ ಗುರುತನ್ನು ತಂದೆ ಮಗನಿಗೆ ಮಾತ್ರ ಹೇಳುತ್ತಿದ್ದನು. ಮನುಷ್ಯನ ಅಜ್ಞಾನವೇ ಎಷ್ಟೋ ಮೀನುಗಳಿಗೆ ಕೋಟೆಯಾಗಿತ್ತು. ಇಂದು ಪ್ರತಿಯೊಂದು ಕಲ್ಲಿನ ಸ್ಥಾನವೂ ಎಲ್ಲರಿಗೂ ತಿಳಿಯುತ್ತಿರುವಾಗ ಆ ಕೋಟೆಯ ಗೋಡೆ ಬಿದ್ದಂತಲ್ಲವೆ?

ಕಲ್ಲುಮೀನುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಅವು ನಿಧಾನವಾಗಿ ಬೆಳೆದು ತಡವಾಗಿ ಮರಿಹಾಕುವ ಜೀವಿಗಳು. ಕೆಲವು ಜಾತಿಗಳು ನೂರು ವರ್ಷಕ್ಕೂ ಮೀರಿ ಬದುಕುತ್ತವೆ. ಹಲವು ಜಾತಿಗಳು ಒಂದೇ ಬಂಡೆಯ ಬಳಿ ಬಹುಕಾಲ ನೆಲೆಸುತ್ತವೆ. ಅಂತಹ ಬಂಡೆಯೊಂದನ್ನು ಬರಿದು ಮಾಡಲು ಕೆಲವು ದಿನಗಳು ಸಾಕು; ಅದು ಮತ್ತೆ ತುಂಬಲು ಒಂದು ತಲೆಮಾರೇ ಬೇಕಾದೀತು. ಮೀನು ಚಿಕ್ಕದೆಂದು ಬಿಟ್ಟುಬಿಡುವುದೂ ಸುಲಭವಲ್ಲ. 50 ಮೀಟರು ಆಳದಲ್ಲಿ ಒತ್ತಡವು ಮೇಲ್ಮೈಯ ಆರರಷ್ಟು. ಬಾಯ್ಲನ ನಿಯಮದಂತೆ, ಮೀನನ್ನು ಮೇಲಕ್ಕೆಳೆದಾಗ ಅದರ ಗಾಳಿಚೀಲದ ಅನಿಲ ಆರರಷ್ಟಾಗಿ ಹಿಗ್ಗಲೆಳಸುತ್ತದೆ. ಕಣ್ಣು ಹೊರಚಾಚಿ, ಹೊಟ್ಟೆ ಉಬ್ಬಿ, ಮೀನು ಮತ್ತೆ ಮುಳುಗಲಾರದೆ ತೇಲುತ್ತದೆ. ಅದನ್ನು ಭಾರದ ಸಾಧನವೊಂದಕ್ಕೆ ಸಿಕ್ಕಿಸಿ ಆಳಕ್ಕೆ ಇಳಿಸಿ ಬಿಟ್ಟರೆ ಅನಿಲ ಮತ್ತೆ ಕುಗ್ಗಿ ಮೀನು ಬದುಕುವ ಸಂಭವ ಬಹಳ ಹೆಚ್ಚುತ್ತದೆ. ವಿವೇಕಿಗಳಾದ ಗಾಳಗಾರರು ಇಂತಹ ಸಾಧನವನ್ನು ಜೊತೆಯಲ್ಲಿ ಒಯ್ಯುತ್ತಾರೆ.

ಆದರೆ ಮೀನನ್ನು ಬಯಲಿಗೆ ತಂದ ನಕ್ಷೆಯೇ ಅದನ್ನು ಕಾಯಲೂ ನೆರವಾಗಿದೆ. ಕೌಕಾಡ್ ಎಂಬ ದೊಡ್ಡ ಕಲ್ಲುಮೀನಿನ ಕಥೆ ಇದಕ್ಕೆ ಸಾಕ್ಷಿ. ಮಿತಿಮೀರಿ ಹಿಡಿದುದರಿಂದ ಅದು ಕ್ಷೀಣಿಸಿತೆಂದು 2000ದಲ್ಲಿ ಸಾರಿ, 2001ರಿಂದ ದಕ್ಷಿಣ ಕ್ಯಾಲಿಫೋರ್ನಿಯದ ವಿಶಾಲವಾದ ಕಡಲ ಪ್ರದೇಶವನ್ನು ಮುಚ್ಚಿದರು. 2002ರಲ್ಲಿ ವಿಜ್ಞಾನಿಗಳು ತಳದ ನಕ್ಷೆಗಳಲ್ಲಿ ಬಂಡೆಗಳನ್ನು ಗುರುತಿಸಿ, ಸಣ್ಣ ಜಲಾಂತರ್ಗಾಮಿಯಲ್ಲಿ ಅಲ್ಲಿಗೆ ಇಳಿದು, ಒಂದು ಮೀನನ್ನೂ ಕೊಲ್ಲದೆ ಕಣ್ಣಿನಿಂದಲೇ ಎಣಿಸಿದರು. 2019ರಲ್ಲಿ ಈ ಜಾತಿ ಚೇತರಿಸಿಕೊಂಡಿತೆಂದು ಸಾರಲಾಯಿತು. ಲಾ ಹೋಯಾದಲ್ಲಿಯೂ 2012ರ ಜನವರಿ 1ರಿಂದ ರಕ್ಷಿತ ಕ್ಷೇತ್ರಗಳು ಜಾರಿಗೆ ಬಂದುವು. ಅವುಗಳಲ್ಲಿ ಮತ್‌ಲಹ್ವಾಯಲ್ ಎಂಬುದು, ಅಲ್ಲಿನ ಮೂಲನಿವಾಸಿಗಳಾದ ಕುಮೆಯಾಯ್ ಜನರ ಭಾಷೆಯ ಹೆಸರುಳ್ಳದ್ದು, ಕಯಾಕುಗಳು ನೀರಿಗಿಳಿಯುವ ದಂಡೆಯ ಎದುರಿಗೇ ಇದೆ. ಗಾಳಗಾರನು ತನ್ನ ನೂಲನ್ನು ಸುತ್ತಿಟ್ಟುಕೊಂಡೇ ಅದನ್ನು ದಾಟಿ, ಗಡಿಯ ಹೊರಗೆ ಹೋಗಿ ಮೀನು ಹಿಡಿಯಬೇಕು. ಆ ಗಡಿಯ ಗೆರೆ ನೀರಿನ ಮೇಲೆ ಎಲ್ಲಿಯೂ ಕಾಣುವುದಿಲ್ಲ. ಅದು ಇರುವುದು ನಕ್ಷೆಯಲ್ಲಿ.

ನಮ್ಮ ಕರಾವಳಿಯ ಸ್ಥಿತಿ ಬೇರೆ. ಕರ್ನಾಟಕದ ಮುಂದಿನ ಕಡಲ ತಳ ಬಹು ದೂರದವರೆಗೆ ನಿಧಾನವಾಗಿ ಇಳಿಯುವ ಬಯಲು. ದಂಡೆಯ ಬಳಿಗೇ ಬರುವ ಕಂದರ ಇಲ್ಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ನಮ್ಮ ಮೀನುಗಾರರಿಗೆ ನೀಡುವ ಸೂಚನೆಗಳು ತಳದ ರೂಪಕ್ಕಿಂತ ಹೆಚ್ಚಾಗಿ, ಉಪಗ್ರಹಗಳು ಅಳೆದ ಮೇಲ್ಮೈ ಉಷ್ಣತೆಯನ್ನೂ ನೀರಿನ ಹಸಿರನ್ನೂ ಆಧರಿಸಿವೆ. ಆದರೂ ಬಯಲಿನಲ್ಲಿ ಒಂಟಿ ಬಂಡೆಗೆ ಇರುವ ಮಹತ್ವ ಇಲ್ಲಿಯೂ ತಪ್ಪಿಲ್ಲ. ಮುರ್ಡೇಶ್ವರದ ಮುಂದೆ ಕಡಲಿನಲ್ಲಿ ಎದ್ದುನಿಂತ ನೇತ್ರಾಣಿ ದ್ವೀಪದ ಸುತ್ತ ಹವಳವೂ ಬಗೆಬಗೆಯ ಮೀನುಗಳೂ ನೆರೆದಿರುವುದೇ ಇದಕ್ಕೆ ನಿದರ್ಶನ.

ಪ್ರಪಂಚದ ಸಾಗರತಳವನ್ನೆಲ್ಲ 2030ರೊಳಗೆ ಅಳೆದು ಮುಗಿಸಬೇಕೆಂಬ ಅಂತರರಾಷ್ಟ್ರೀಯ ಯೋಜನೆ 2017ರಲ್ಲಿ ಆರಂಭವಾಯಿತು. 2025ರ ಹೊತ್ತಿಗೆ ನಾಲ್ಕನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಈ ನಕ್ಷೆಯಲ್ಲಿ ಸೇರಿತ್ತು. ಉಳಿದುದೂ ಒಂದೊಂದಾಗಿ ಬೆಳಕಿಗೆ ಬರುವುದು ನಿಶ್ಚಯ. ಎಲ್ಲಿ ಗಾಳ ಹಾಕಬೇಕೆಂಬುದನ್ನು ತಿಳಿಸುವ ಗೆರೆಯೂ, ಎಲ್ಲಿ ಹಾಕಬಾರದೆಂಬುದನ್ನು ತಿಳಿಸುವ ಗೆರೆಯೂ ಒಂದೇ ಹಾಳೆಯ ಮೇಲಿವೆ. ಎರಡನ್ನೂ ಸಮಾನವಾದ ಶ್ರದ್ಧೆಯಿಂದ ಓದುವವನ ಕೈಯಲ್ಲಿ ಮಾತ್ರ ಈ ಜ್ಞಾನ ಕಡಲಿಗೂ ಮನುಷ್ಯನಿಗೂ ಹಿತವಾಗಬಲ್ಲದು.